ನಾಲ್ಕು ಕಾರು, ಒಬ್ಬ ಮಾವಶಿ

ಇಪ್ಪತ್ತಾರು ವರ್ಷ ನಾನು ಹೇಳಿಕೊಂಡು ಬಂದ ಕತೆಯೊಂದನ್ನು ಕಳೆದ ಬುಧವಾರ ನನ್ನ ತಾಯಿಯ ತಂಗಿ, ರಾಯಬಾಗದ ಗಂಗಾ ಮಾವಶಿ, ಎರಡೇ ಮಾತಿನಲ್ಲಿ ಮುಗಿಸಿಬಿಟ್ಟರು. ಅದೂ ನನ್ನದೇ ಕಾರಿನಲ್ಲಿ ಕೂತು!

ಮೊದಲು ಕಾರುಗಳ ವಿಷಯ ಹೇಳಿಬಿಡುತ್ತೇನೆ. ಇಲ್ಲಿಯವರೆಗೆ ನನ್ನವು ನಾಲ್ಕು. ಸಾಂಗಲಿ, ಮಿರಜದ ಕನ್ನಡದ ಮನೆಗಳಲ್ಲಿ ಕಾರು ನೆನಪಿರುವುದು ನಂಬರಿನಿಂದಲ್ಲ, ಅದರಲ್ಲಿ ಕೂತ ಪೇಶಂಟುಗಳಿಂದ. ಅಥಣಿ, ರಾಯಬಾಗ, ಜಮಖಂಡಿಯಿಂದ ಬೀಗರು ಬಿಜ್ಜರೆಲ್ಲ ದವಾಖಾನೆಗೆಂದು ಮಿರಜ ಸ್ಟೇಶನ್ನಿನಲ್ಲಿ ಇಳಿಯುತ್ತಾರೆ. ಕಾರಿದ್ದವನು ಹೋಗದೆ ಇರುವುದುಂಟೇ? (ನನ್ನ ಕಸುಬು ಅರಿಸಿನ ವ್ಯಾಪಾರ. ವಾರ್ಡ್‌ಬಾಯ್ ಕೆಲಸ ಕಾರಿನ ಜೊತೆ ಫ್ರೀ ಬಂದದ್ದು.)

ಮೊದಲನೆಯದು ಸೆಕೆಂಡ್ ಹ್ಯಾಂಡ್ ಫಿಯಾಟ್. ಅದು ಕಾಕಾನ ಹರ್ನಿಯಾ. ಎರಡನೆಯದು ಕೆಂಪು ಮಾರುತಿ. ಅದು ಮಾವಶಿಯ ಮುರಿದ ಕಾಲು. ಮೂರನೆಯದು ಓಮ್ನಿ, ಪೇಶಂಟು ಉದ್ದಕ್ಕೆ ಮಲಗಬಹುದೆಂದೇ ಕೊಂಡದ್ದು. ಈಗಿನ ಬಿಳಿಯದರಲ್ಲಿ ಬರೀ ಕಣ್ಣಿನ ಪೊರೆ. ಮಾರುತಿ ಮೊದಲೋ ಓಮ್ನಿ ಮೊದಲೋ ಎಂದು ಅನುಮಾನ ಬಂದು ಹಳೆಯ ಫೋಟೋ ತೆಗೆದು ನೋಡಬೇಕಾಯಿತು. ಎಂ.ಎ.ಯಲ್ಲಿ ಇತಿಹಾಸ ಓದಿದವನು ನಾನು. ಒಬ್ಬನೇ ಸಾಕ್ಷಿಯನ್ನು ನಂಬಬೇಡಿ ಎಂದು ಕಲಿಸಿದ್ದರು. ಆ ಒಬ್ಬ ನಾನೇ ಆಗಿದ್ದರೆ ಏನು ಮಾಡಬೇಕೆಂದು ಕಲಿಸಿರಲಿಲ್ಲ.

ಈಗ ಆ ಕತೆ. ಕೆಂಪು ಮಾರುತಿ ಬಂದ ಹೊಸತರಲ್ಲಿ ಹೆಂಡತಿ ಶೈಲಾಗೆ ಡ್ರೈವಿಂಗ್ ಕಲಿಸತೊಡಗಿದೆ. ಆಗ ನಮ್ಮ ಪೇಟೆಯಲ್ಲಿ ಕಾರು ನಡೆಸುವ ಹೆಂಗಸರನ್ನು ಜನ ನಿಂತು ನೋಡುತ್ತಿದ್ದರು. ಎಂಟು ದಿನ ಚೆನ್ನಾಗಿಯೇ ನಡೆಯಿತು. ಒಂಬತ್ತನೆಯ ದಿನ ಮಾವಶಿಗೆ ಡಿಸ್ಚಾರ್ಜ್. ಅವರನ್ನು ಹತ್ತಿರದ ಬೇಡಗದಲ್ಲಿದ್ದ ಮಗಳ ಮನೆಗೆ ಬಿಡಬೇಕಿತ್ತು. ಮಾವಶಿ ಪ್ಲಾಸ್ಟರ್ ಹಾಕಿದ ಕಾಲು ಚಾಚಿ ಹಿಂದೆ ಕೂತರು. ರಸ್ತೆ ಖಾಲಿ ಇತ್ತು, ಸ್ಟೇರಿಂಗ್ ಶೈಲಾಗೆ ಕೊಟ್ಟೆ. ಎದುರಿಗೆ ಕಬ್ಬಿನ ಎತ್ತಿನಗಾಡಿ ಬಂತು. ಅವಳು ಹೆದರಿ ಎಡಕ್ಕೆ ತಿರುಗಿಸಿದಳು, ಕಾರು ಚರಂಡಿಗಿಳಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಅವತ್ತು ಸ್ಟೇರಿಂಗ್ ಬಿಟ್ಟವಳು ಮತ್ತೆ ಮುಟ್ಟಲಿಲ್ಲ.

ಮದುವೆ ಮನೆಗಳಲ್ಲಿ ಈ ಕತೆಗೆ ಒಳ್ಳೆಯ ನಗು ಬೀಳುತ್ತಿತ್ತು. ಶೈಲಾ ಕೂಡ ನಗುತ್ತಿದ್ದಳು.

ಈ ವರ್ಷ ಅವಳು ನನಗೆ ಹೇಳದೆ ವಿಶ್ರಾಮಬಾಗದ ಡ್ರೈವಿಂಗ್ ಕ್ಲಾಸ್ ಸೇರಿದಳು. ಐವತ್ತಾರನೆಯ ವಯಸ್ಸಿನಲ್ಲಿ. ಕಲಿಸುವವರು ಶಾಬಾಸ್ ಎಂದರಂತೆ. ಆದರೆ ರಸ್ತೆಯ ಅಂಚಿಗೆ ಚರಂಡಿ ಕಂಡರೆ ಕೈ ನಡುಗುತ್ತದೆ. ಶುಕ್ರವಾರ ಟೆಸ್ಟ್ ಇತ್ತು. ಮಂಗಳವಾರ ಸಂಜೆ ಅವಳು ಹೇಳಿದ್ದು ಇಷ್ಟೇ: “ನಾ ಹೋಗೂದಿಲ್ರಿ. ನನ್ನ ಕೈ ಎಂಥಾದ್ದಂತ ಬೇಡಗ ರಸ್ತ್ಯಾಗ ಗೊತ್ತಾಗೇದ.”

ಇರಲಿ ಬಿಡು ಎಂದೆ. (ಒಳಗೊಳಗೇ ಸ್ವಲ್ಪ ಹಾಯೆನಿಸಿತು. ಸುಳ್ಳು ಯಾಕೆ ಹೇಳಲಿ?)

ಬುಧವಾರ ಮಾವಶಿ ಕಣ್ಣು ತೋರಿಸಲು ಬಂದರು. ದವಾಖಾನೆ ಮುಗಿಸಿ ಮೂವರೂ ಸಾಂಗಲಿಯ ನಮ್ಮ ಮನೆಗೆ ಹೊರಟೆವು. ಶೈಲಾ ಮಂಕಾಗಿದ್ದಳು. ನಗಿಸೋಣವೆಂದು ಅದೇ ಕತೆ ತೆಗೆದೆ. ಕಬ್ಬಿನ ಗಾಡಿಯವರೆಗೂ ಬಂದಿರಲಿಲ್ಲ, ಹಿಂದಿನಿಂದ ಮಾವಶಿಯ ದನಿ.

“ಏನೇನರೆ ಹೇಳಬ್ಯಾಡ ಬಸು. ಆಕಿ ನೆಟ್ಟಗ ಹೊಂಟಿದ್ಲು, ನೀನ ಅಂಜಿ ಸ್ಟೇರಿಂಗ್ ಜಗ್ಗಿದಿ.”

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ನನ್ನ ಯಾರ ಕೇಳಿದ್ರಿ? ಕಾಲ ಮುರದಿತ್ತಪಾ ನಂದು. ಅದನ್ನ ನೋಡ್ಕೊಳ್ಳೋದೋ, ನಿಮ್ಮಿಬ್ಬರ ಜಗಳಾ ಬಿಡಸೋದೋ?”

ಆ ಘಟನೆ ನನ್ನ ನೆನಪಿನಲ್ಲಿ ಹೇಗಿದೆ ಗೊತ್ತೇ? ಕೆಂಪು ಕಾರು ದೂರದಿಂದ ಬರುತ್ತದೆ, ವಾಲುತ್ತದೆ, ಚರಂಡಿಗಿಳಿಯುತ್ತದೆ. ಕಾರಿನೊಳಗೆ ಕೂತಿದ್ದ ನಾನು ಅದನ್ನು ಹೊರಗಿನಿಂದ ಹೇಗೆ ನೋಡಿದೆ? ಅಂದರೆ ಅದು ನೋಡಿದ್ದಲ್ಲ. ಹೇಳಿ ಹೇಳಿ ಕಟ್ಟಿದ್ದು, ಕೇಳಿ ಕೇಳಿ ಶೈಲಾ ಕೂಡ ನಂಬಿದ್ದು.

ಶೈಲಾ ಮೆಲ್ಲಗೆ ಹೇಳಿದಳು: “ಗಾಡಿ ಬಾಜೂಕ ಹಚ್ಚ್ರಿ.”

ಟೆಸ್ಟಿಗೆಂದು ಅವಳು ತಂದು ಡಿಕ್ಕಿಯಲ್ಲಿಟ್ಟಿದ್ದ ಎಲ್ ಬೋರ್ಡು ಹಚ್ಚಿ ಸೀಟು ಬದಲಿಸಿದೆವು. ಮಿರಜ, ಸಾಂಗಲಿ ನಡುವೆ ಹಿಂದೆ ಹೊಲಗಳಿದ್ದವು. ಈಗ ಶೋರೂಮು, ಮದುವೆಯ ಮಂಗಲ ಕಾರ್ಯಾಲಯ, ಟ್ಯೂಶನ್ ಕ್ಲಾಸುಗಳ ಬೋರ್ಡು. ಎರಡು ಊರು ಎಲ್ಲಿ ಕೂಡುತ್ತವೆಂದೇ ತಿಳಿಯದು. ಅಂಥ ಟ್ರಾಫಿಕ್ಕಿನಲ್ಲಿ ಎರಡು ಟ್ರಾಲಿ ಕಬ್ಬು ಎಳೆದುಕೊಂಡು ಟ್ರ್ಯಾಕ್ಟರೊಂದು ಎದುರಿಗೆ ಬಂತು.

ನನ್ನ ಬಲಗೈ ತಾನಾಗಿಯೇ ಸ್ಟೇರಿಂಗಿನ ಕಡೆ ಎದ್ದಿತು.

ಅದನ್ನು ಮೂವರೂ ನೋಡಿದೆವು. ಇನ್ನೇನು ಸಾಕ್ಷಿ ಬೇಕು? “ಕೈ ತೊಡಿ ಕೆಳಗ ಇಟ್ಕೊ,” ಅಂದರು ಮಾವಶಿ. ಇಟ್ಟುಕೊಂಡೆ. ಟ್ರ್ಯಾಕ್ಟರು ಅದರ ಪಾಡಿಗೆ ಹೋಯಿತು, ನಾವು ನಮ್ಮ ಪಾಡಿಗೆ. ಶೈಲಾಳ ಕೈ ನಡುಗಲಿಲ್ಲ. ಚರಂಡಿ ಮನೆಯವರೆಗೂ ಪಕ್ಕದಲ್ಲೇ ಇತ್ತು.

ತಪ್ಪಾಯಿತು ಎಂದು ಅವತ್ತೇ ಹೇಳಿದೆ. ಇಪ್ಪತ್ತಾರು ವರ್ಷಕ್ಕೆ ಅದು ತೀರಾ ಚಿಕ್ಕ ಮಾತು, ಗೊತ್ತು. ಅವಳು ಸಿಟ್ಟಾಗಲಿಲ್ಲ. ಶುಕ್ರವಾರ ಬೆಳಿಗ್ಗೆ ನನ್ನನ್ನು ಕರೆಯದೆ ಟೆಸ್ಟಿಗೆ ಹೋದಳು, ಪಾಸಾಗಿ ಬಂದಳು. ಮುಂದಿನ ವಾರ ಮಾವಶಿಯ ಆಪರೇಶನ್. ಸ್ಟೇಶನ್ನಿಗೆ ಯಾರು ಬರಬೇಕೆಂದು ಅವರು ಆಗಲೇ ಫೋನ್ ಮಾಡಿ ತಿಳಿಸಿದ್ದಾರೆ; ಅದು ನಾನಲ್ಲ.

ನೀವು ವರ್ಷಗಟ್ಟಲೆ ಹೇಳಿ ನಗಿಸುತ್ತ ಬಂದ ಕತೆಯನ್ನು, ಅವತ್ತು ಹಿಂದಿನ ಸೀಟಿನಲ್ಲಿ ಕೂತಿದ್ದವರ ಬಾಯಿಂದ ಒಮ್ಮೆಯಾದರೂ ಕೇಳಿದ್ದೀರಾ?