ಕಣ್ಣಿನ ಮದ್ದು ಬಿಟ್ಟ ನೋಂಬು

ಬಲಗಣ್ಣಿಗೆ ಏನೋ ಬಿತ್ತು. ಧೂಳೋ, ಸಣ್ಣ ಹುಳವೋ. ತಲೆವಸ್ತ್ರದ ತುದಿಯಿಂದ ಅದನ್ನು ಒತ್ತಿ ಹಿಡಿದುಕೊಂಡು ಎಡಗಣ್ಣಿನಲ್ಲೇ ಓದು ಮುಂದುವರಿಸಲು ಹೋದೆ. ಶುಕ್ರವಾರದ ಬೆಳಿಗ್ಗೆ. ಕುರ್‌ಆನಿನ ಯಾಸೀನ್ ಅಧ್ಯಾಯ ಓದುತ್ತಿದ್ದೆ. ಪುಟದ ಅರ್ಧ ಇರಲಿಲ್ಲ.

ಮಸುಕಾಗಿದ್ದರೆ ಕನ್ನಡಕ ಬದಲಿಸಬೇಕು ಅಂದುಕೊಳ್ಳುತ್ತಿದ್ದೆ. ಇದು ಮಸುಕಲ್ಲ. ಅಲ್ಲಿ ಪುಟವೇ ಇಲ್ಲ.

ಆದರೂ ಓದು ನಿಲ್ಲಲಿಲ್ಲ. ನನ್ನ ಬಾಯಿ ತನ್ನ ಪಾಡಿಗೆ ಮುಂದಿನ ಸಾಲಿಗೆ, ಅದರ ಮುಂದಿನ ಸಾಲಿಗೆ ಹೋಗುತ್ತಲೇ ಇತ್ತು. ಚಿಕ್ಕಂದಿನಿಂದ ಓದಿದ್ದಲ್ಲವೇ, ಕಣ್ಣಿನ ಸಹಾಯವೇ ಬೇಕಾಗಿರಲಿಲ್ಲ. ಎಷ್ಟು ಕಾಲದಿಂದ ಆ ಕಣ್ಣು ಹೀಗಿತ್ತೋ ಗೊತ್ತಿಲ್ಲ. ಓದು ಬಾರದವಳಾಗಿದ್ದರೆ, ಅಕ್ಷರ ಅಕ್ಷರ ಹುಡುಕಿ ಓದುವವಳಾಗಿದ್ದರೆ, ಬಹುಶಃ ಬೇಗ ಗೊತ್ತಾಗುತ್ತಿತ್ತು.

ನಮ್ಮ ಮನೆ ಅಮ್ಮತ್ತಿಯಲ್ಲಿ. ನಮ್ಮವರು, ಮೊಯ್ದೀನ್, ಪಿಕಪ್ ಇಟ್ಟುಕೊಂಡು ಎಸ್ಟೇಟುಗಳಿಂದ ಕಾಫಿ ಮೂಟೆ ಸಾಗಿಸುತ್ತಾರೆ. ಮಗಳು ಸಫಿಯಾ ಹುದಿಕೇರಿ ಕಡೆ ಸರ್ಕಾರಿ ಶಾಲೆಯಲ್ಲಿ ಟೀಚರ್. ನಾನು ಮನೆಯ ಜಗಲಿಯಲ್ಲಿ ಬೀದಿಯ ಹೆಣ್ಣುಮಕ್ಕಳಿಗೆ ಕುರ್‌ಆನ್ ಓದಲು ಕಲಿಸುತ್ತಿದ್ದೆ. ಓದಲು ಅಂದರೆ ಉಚ್ಚರಿಸಲು. ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು, ಯಾವ ಅಕ್ಷರ ಗಂಟಲಿನಿಂದ ಬರಬೇಕು ಎಂಬುದರಲ್ಲಿ ನಾನು ಬಹಳ ಕಟ್ಟುನಿಟ್ಟು. ಅರ್ಥ ಯಾರೂ ಕೇಳುತ್ತಿರಲಿಲ್ಲ. ಕೇಳಿದರೆ ನನಗೂ ಗೊತ್ತಿರಲಿಲ್ಲ. ಅದು ಮಸೀದಿಯ ಉಸ್ತಾದರ ಕೆಲಸ ಅಂದುಕೊಂಡಿದ್ದೆ.

ಮೈಸೂರಿನ ಕಣ್ಣಾಸ್ಪತ್ರೆಯಲ್ಲಿ ಒಂದು ಮೆಷಿನ್ನಿಗೆ ಗಲ್ಲ ಕೊಟ್ಟು ಕೂರಿಸಿದರು. ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಎಡಗಣ್ಣಿನ ಸರದಿ ಬಂದಾಗ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಮೆಷಿನ್ ಕೆಟ್ಟಿದೆ ಅಂದುಕೊಂಡು ಪಕ್ಕದಲ್ಲಿದ್ದ ಹುಡುಗಿಗೆ ಹಾಗೇ ಹೇಳಿದೆ. ಅವಳು ಚೀಟಿಯಲ್ಲಿ ಏನೋ ಗುರುತು ಹಾಕಿಕೊಂಡಳು.

"ಗ್ಲಾಕೋಮಾ ಅಮ್ಮ," ಅಂದರು ಡಾಕ್ಟರಮ್ಮ. ನನ್ನ ಮಗಳಿಗಿಂತ ಚಿಕ್ಕ ವಯಸ್ಸು. "ಕಣ್ಣಿನೊಳಗೆ ಪ್ರೆಶರ್ ಜಾಸ್ತಿಯಾಗಿ ನರ್ವ್ ಹಾಳಾಗ್ತಾ ಬಂದಿದೆ. ಎಡಗಡೆ ತುಂಬಾ ಆಗಿದೆ, ಬಲಗಡೆ ಶುರುವಾಗಿದೆ. ಹೋಗಿದ್ದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೊಳ್ಳೋಣ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಡ್ರಾಪ್ಸ್. ಒಂದು ಹೊತ್ತೂ ತಪ್ಪಬಾರದು."

ತಪ್ಪಲಿಲ್ಲ. ಮಳೆಗಾಲ ಕಳೆಯಿತು, ಕಾಫಿ ಪಿಕಿಂಗ್ ಶುರುವಾಯಿತು, ನನ್ನ ಡ್ರಾಪ್ಸ್ ನಡೆದೇ ಇತ್ತು. ಪ್ರೆಶರ್ ಇಳಿದಿದೆ ಅಂದರು. ನಮ್ಮವರು ಕಂಡ ಕಂಡವರ ಹತ್ತಿರ ನನ್ನ ಶಿಸ್ತಿನ ಬಗ್ಗೆ ಹೇಳಿಕೊಂಡು ತಿರುಗಿದರು.

ಆಮೇಲೆ ರಂಜಾನ್ ಬಂತು.

ಕಣ್ಣಿಗೆ ಬಿಟ್ಟ ಹನಿ ಸ್ವಲ್ಪ ಹೊತ್ತಿನಲ್ಲೇ ಗಂಟಲಿಗೆ ಇಳಿದು ಕಹಿಯಾಗುತ್ತದೆ. ಹಾಕಿಕೊಂಡವರಿಗೆ ಗೊತ್ತು. ಉಪವಾಸದ ನೋಂಬು ಹಿಡಿದವಳು ಹಗಲು ಹೊತ್ತು ಉಗುಳು ನುಂಗಲೂ ಯೋಚಿಸುತ್ತಾಳೆ. ಮದ್ದಿನ ಕಹಿ ಗಂಟಲು ದಾಟಿದರೆ ನೋಂಬು ಉಳಿಯುತ್ತದೆಯೇ? ಉಳಿಯುವುದಿಲ್ಲ ಎಂದು ನಾನೇ ತೀರ್ಮಾನಿಸಿದೆ. ಮಧ್ಯಾಹ್ನದ ಹನಿ ಹಾಕುವುದನ್ನು ಬಿಟ್ಟೆ. ಬೆಳಗಿನ ಜಾವ ಊಟ ಮಾಡಿ ಹಾಕಿಕೊಂಡರೆ ಕಹಿ ಬೆಳಗಿನ ಬಾಂಗಿನ ನಂತರವೂ ಗಂಟಲಲ್ಲಿ ಇರುತ್ತದೆಂಬ ಅನುಮಾನ ಬಂತು. ಅದನ್ನೂ ಬಿಟ್ಟೆ. ಉಳಿದದ್ದು ರಾತ್ರಿಯದೊಂದು. ಸಂಜೆ ನೋಂಬು ಬಿಟ್ಟು, ಅಡುಗೆ, ಪಾತ್ರೆ, ದೀರ್ಘ ನಮಾಜು ಎಲ್ಲ ಮುಗಿಸಿ ತಲೆ ದಿಂಬಿಗೆ ತಾಗಿದರೆ ಸಾಕು, ನಿದ್ದೆ. ಅದೂ ಎಷ್ಟೋ ದಿನ ತಪ್ಪಿತು.

ಯಾರನ್ನಾದರೂ ಕೇಳಬಹುದಿತ್ತು. ಮಸೀದಿ ನಮ್ಮ ಮನೆಯಿಂದ ಕೂಗಳತೆ ದೂರ. ಡಾಕ್ಟರಮ್ಮನ ಆಸ್ಪತ್ರೆಯ ನಂಬರು ಔಷಧಿ ಚೀಟಿಯ ಮೇಲೇ ಇತ್ತು. ಕೇಳಲಿಲ್ಲ. ಊರ ಹೆಣ್ಣುಮಕ್ಕಳಿಗೆ ಓದಿಸುವ ಈ ಸುಹರಾ ಇಂಥ ಸಣ್ಣ ವಿಷಯ ಕೇಳುವುದೇ ಎಂಬ ಬಿಗುಮಾನ ಒಂದು ಕಡೆ. ನೋಂಬೇ ಬೇಡ ಅಂದುಬಿಟ್ಟರೆ ಎಂಬ ಭಯ ಇನ್ನೊಂದು ಕಡೆ. ಮತ್ತೂ ಒಂದಿತ್ತು, ಹೇಳಲು ನಾಚಿಕೆಯಾಗುತ್ತದೆ. ಸಂಜೆ ಹೊತ್ತಿಗೆ ಕಣ್ಣಿನ ಹಿಂದೆ ನೋವು ಬರಲು ಶುರುವಾದಾಗ ನನಗೆ ಒಳಗೊಳಗೇ ಸಂತೋಷವಾಗಿತ್ತು. ಇಷ್ಟು ಕಷ್ಟಪಟ್ಟು ಹಿಡಿದ ನೋಂಬಿಗೆ ಎಷ್ಟು ಪುಣ್ಯವಿರಬಹುದು ಎಂದು.

ಪೆರುನ್ನಾಳ್ ಹಬ್ಬ ಕಳೆದ ಮೇಲೂ ನಾನು ನಿಲ್ಲಿಸಲಿಲ್ಲ. ಹಬ್ಬದ ನಂತರದ ಆರು ಐಚ್ಛಿಕ ನೋಂಬುಗಳನ್ನೂ ಹಿಡಿಯಲು ಹೊರಟೆ. ಅದು ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಅರ್ಧ ತಲೆ ಸಿಡಿದು ಹೋಗುವಂಥ ನೋವು. ವಾಂತಿ. ಅಡುಗೆಮನೆಯ ಬಲ್ಬಿನ ಸುತ್ತ ಬಣ್ಣದ ಬಳೆಗಳು. ಬಲಗಣ್ಣು ಮುಚ್ಚಿ ನೋಡಿದೆ.

ಕತ್ತಲೆ.

ಮೈಸೂರಿಗೆ ಹೋಗುವ ದಾರಿಯುದ್ದಕ್ಕೂ ಕಾಫಿ ಹೂವಿನ ವಾಸನೆ ಇತ್ತಂತೆ. ನಮ್ಮವರು ಆಮೇಲೆ ಹೇಳಿದರು. ನನಗೆ ನೆನಪಿರುವುದು ವಾಂತಿಯ ಚೀಲ ಮಾತ್ರ.

"ಡ್ರಾಪ್ಸ್ ಸರಿಯಾಗಿ ಹಾಕ್ತಿದ್ರಾ?" ಡಾಕ್ಟರಮ್ಮ ಕೇಳಿದರು.

"ಹಾಕ್ತಾಳೆ ಡಾಕ್ಟ್ರೇ. ಒಂದು ಹೊತ್ತೂ ಬಿಟ್ಟವಳಲ್ಲ," ಅಂದರು ನಮ್ಮವರು. ಅವರ ದನಿಯಲ್ಲಿ ಹೆಮ್ಮೆ ಇತ್ತು. ಆ ಹೆಮ್ಮೆ ಇನ್ನೂ ನನ್ನ ಕಿವಿಯಲ್ಲಿದೆ.

ನಾನು ಬಾಯಿ ಬಿಟ್ಟೆ. ನೋಂಬಿತ್ತು, ಡ್ರಾಪ್ಸ್ ನಿಲ್ಲಿಸಿದ್ದೆ, ಅಂದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಾನೇ ಕೇಳಬೇಕಿತ್ತು ಅಮ್ಮ," ಅಂದರು. "ಎಡಗಣ್ಣು ಹೋಯ್ತು. ಬಲಗಣ್ಣಲ್ಲೂ ಪ್ರೆಶರ್ ತುಂಬಾ ಇದೆ. ಆಪರೇಷನ್ ಮಾಡಿ ಅದನ್ನ ಉಳಿಸೋಕೆ ನೋಡ್ತೀವಿ. ಗ್ಯಾರಂಟಿ ಕೊಡಕ್ಕಾಗಲ್ಲ."

ನಮ್ಮವರು ನನ್ನ ಕಡೆ ತಿರುಗಲೇ ಇಲ್ಲ. ಕಾರಿಡಾರಿನಲ್ಲಿ ಬೆಂಚಿನ ಮೇಲೆ ಕೂತು, ತಮ್ಮ ಎರಡೂ ಕೈಗಳನ್ನು ನೋಡುತ್ತಾ, "ಅಲ್ಲ ಸುಹರಾ, ನನಗೆ ಒಂದು ಮಾತು ಹೇಳ್ಬಾರ್ದಿತ್ತಾ? ನಾನು ಎಂತ ಬೇಡ ಅಂತಿದ್ನಾ?" ಅಂದರು.

ಬಲಗಣ್ಣಿಗೆ ಆಪರೇಷನ್ ಆಯಿತು. ಬಗ್ಗಬಾರದು, ಭಾರ ಎತ್ತಬಾರದು, ಜೋರಾಗಿ ಕೆಮ್ಮಬಾರದು. ನಮಾಜು ಕುರ್ಚಿಯ ಮೇಲೆ. ಹಣೆ ನೆಲಕ್ಕೆ ಮುಟ್ಟದ ನಮಾಜು ನನಗೆ ನಮಾಜು ಅನ್ನಿಸಲೇ ಇಲ್ಲ, ಆದರೂ ಮಾಡಿದೆ. ಕಣ್ಣಿಗೆ ಶೀಲ್ಡ್ ಕಟ್ಟಿದ್ದರು. ಒಂದು ಕಣ್ಣು ಸತ್ತಿದೆ, ಇನ್ನೊಂದು ಮುಚ್ಚಿದೆ. ಹೊತ್ತು ಹೋಗಬೇಕಲ್ಲ. ಸಫಿಯಾ ರಜೆ ಹಾಕಿ ಬಂದು ಪಕ್ಕದಲ್ಲಿ ಕೂತಳು. ಅವಳ ಹತ್ತಿರ ಕುರ್‌ಆನಿನ ಕನ್ನಡ ಅನುವಾದ ಇತ್ತು. ನಾನು ಅರಬ್ಬಿಯಲ್ಲಿ ಬಾಯಿಪಾಠ ಹೇಳುವುದು, ಅವಳು ಅದರ ಅರ್ಥ ಓದುವುದು ಎಂದು ಮಾತಾಯಿತು. ಮಗಳಿಗೆ ನನ್ನ ಮೇಲೆ ಸಿಟ್ಟಿತ್ತು, ಗೊತ್ತಿತ್ತು. ಅವಳು ಅದನ್ನು ನುಂಗಿಕೊಂಡು ಓದುತ್ತಿದ್ದಳು.

ಬಕರಾ ಅಧ್ಯಾಯದಲ್ಲಿ ನೋಂಬಿನ ಆಯತ್ತುಗಳು, ಅಂದರೆ ವಚನಗಳು, ಬಂದವು. ನನಗೆ ಬಹಳ ಇಷ್ಟದ ಭಾಗ. ಪ್ರತಿ ರಂಜಾನಿಗೂ ಮಕ್ಕಳಿಗೆ ಮೊದಲು ಓದಿಸುವುದು ಅದನ್ನೇ. ಒಂದು ಅಕ್ಷರ ತಪ್ಪದೆ, ಎಳೆಯಬೇಕಾದಲ್ಲಿ ಎಳೆದು, ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ ಹೇಳಿದೆ. ಪಕ್ಕದ ಬೆಡ್ಡಿನ ಹೆಂಗಸು ಕೂಡ ಮಾತು ನಿಲ್ಲಿಸಿ ಕೇಳುತ್ತಿದ್ದಳು. ಸಫಿಯಾ ಅರ್ಥ ಓದಿದಳು. ಕಾಯಿಲೆಯಲ್ಲಿರುವವರು, ಪ್ರಯಾಣದಲ್ಲಿರುವವರು ಬೇರೆ ದಿನಗಳಲ್ಲಿ ನೋಂಬು ಪೂರೈಸಬಹುದು. ಅಲ್ಲಾಹನು ನಿಮಗೆ ಸುಲಭವನ್ನೇ ಬಯಸುತ್ತಾನೆ, ಕಷ್ಟವನ್ನು ಬಯಸುವುದಿಲ್ಲ ಎಂಬುದು ಅದರ ಸಾರ.

"ಇನ್ನೊಂದು ಸಲ ಓದು," ಅಂದೆ.

ಓದಿದಳು. ಆಮೇಲೆ ಪುಸ್ತಕ ಮುಚ್ಚಿ, "ಉಮ್ಮ, ಇದು ಈಗಷ್ಟೇ ನೀವೇ ಹೇಳಿದ್ದಲ್ವಾ?" ಅಂದಳು. ಅವಳು ಚುಚ್ಚಲು ಹೇಳಿದ್ದಲ್ಲ. ಅಳುತ್ತಿದ್ದಳು.

ನಾನು ಅಳುವ ಹಾಗಿರಲಿಲ್ಲ. ಆಪರೇಷನ್ ಆದ ಕಣ್ಣು.

ಊರಿಗೆ ಬಂದ ಮೇಲೆ ನೋಡಲು ಬರುವವರು ಶುರುವಾದರು. ಒಬ್ಬೊಬ್ಬರದೂ ಒಂದೊಂದು ಸಮಾಧಾನ. ಕುರುಡಾಗುವುದು ಕಣ್ಣುಗಳಲ್ಲ, ಎದೆಯೊಳಗಿನ ಹೃದಯಗಳು ಎಂಬ ಆಯತ್ತನ್ನು ಎಷ್ಟೋ ಮಂದಿ ನನ್ನ ಮುಂದೆ ಹೇಳಿದರು. ನನಗೆ ಮೈ ಉರಿಯುತ್ತಿತ್ತು. ನಿಮ್ಮ ಎರಡು ಕಣ್ಣು ನೆಟ್ಟಗಿವೆ, ನೀವು ಹೇಳುತ್ತೀರಿ, ಅನ್ನಬೇಕು ಅನ್ನಿಸುತ್ತಿತ್ತು. ಚಹಾ ಕುಡಿದು ಅವರು ಹೋದ ಮೇಲೆ ಆ ಮಾತು ಮಾತ್ರ ಮನೆಯಲ್ಲೇ ಉಳಿಯುತ್ತಿತ್ತು. ಅದು ನನ್ನಂಥವಳಿಗೇ ಹೇಳಿದ್ದು ಎಂದು ಒಪ್ಪಿಕೊಳ್ಳಲು ಬಹಳ ದಿನ ಬೇಕಾಯಿತು. ಸಮಾಧಾನಕ್ಕೆ ಹೇಳಿದ್ದಲ್ಲ ಅದು, ಎಚ್ಚರಿಕೆಗೆ ಹೇಳಿದ್ದು. ನನ್ನ ಎರಡೂ ಕಣ್ಣು ಚೆನ್ನಾಗಿದ್ದಾಗ ಕೇಳಬೇಕಾಗಿತ್ತು.

ಉಸ್ತಾದರೂ ಬಂದರು. ನಮ್ಮವರು ಎಲ್ಲ ಹೇಳಿದ್ದರಂತೆ. ಜಗಲಿಯಲ್ಲೇ ಕೂತು, ತಲೆ ತಗ್ಗಿಸಿ ಹೇಳಿದರು. "ಮೊಯ್ದೀನ್ ಇಕ್ಕ, ಕಣ್ಣಿಗೆ ಮದ್ದು ಬಿಟ್ಟರೆ ನಮ್ಮ ಮಸ್‌ಅಲದ ನಿಯಮದಲ್ಲಿ ನೋಂಬು ಮುರಿಯೋದಿಲ್ಲ. ಗಂಟಲಿಗೆ ರುಚಿ ಬಂದ್ರೂ ಸಹ. ಯಾರಾದ್ರೂ ಮಕ್ಕಳ ಕೈಲಿ ಹೇಳಿ ಕಳಿಸಿದ್ರೂ ನಾನು ಹೇಳ್ತಿದ್ದೆ."

ಒಂದು ಮಾತು. ಬೀದಿ ದಾಟಿದರೆ ಸಿಗುತ್ತಿದ್ದ ಒಂದು ಮಾತು.

ಅವತ್ತು ನಾನು ಊಟ ಮಾಡಲಿಲ್ಲ. ನನ್ನ ಮೇಲೆ ನನಗೆ ಬಂದ ಸಿಟ್ಟು ಯಾರ ಮೇಲೂ ಅಷ್ಟು ಬಂದಿರಲಿಲ್ಲ. ಕಾಯಿಲೆ ಕಣ್ಣನ್ನು ತಿಂದಿದ್ದರೆ ವಿಧಿ ಅನ್ನಬಹುದಿತ್ತು. ಭಕ್ತಿ ತಿಂದಿತು ಅನ್ನೋಣವೇ? ಅದೂ ಸುಳ್ಳು. ಭಕ್ತಿಯ ಹೆಸರಿನಲ್ಲಿ ನನ್ನ ಹಠ ತಿಂದಿತು.

ಸಫಿಯಾ ಈಗ ಶನಿವಾರ ಸಂಜೆ ಬಂದು ಭಾನುವಾರ ಹೋಗುತ್ತಾಳೆ. ಓದು ಮುಂದುವರಿದಿದೆ. ಯೂಸುಫರ ಅಧ್ಯಾಯ ಬಂದಾಗ ನಾನು ಬೇರೆಯೇ ಆಸೆಯಿಂದ ಕೇಳಿದೆ. ಕಳೆದುಹೋದ ಆ ಮಗನಿಗಾಗಿ ಅತ್ತು ಅತ್ತು ತಂದೆ ಯಾಕೂಬರ ಕಣ್ಣು ಬಿಳುಪಾಯಿತು. ಮಗನ ಅಂಗಿಯನ್ನು ಮುಖದ ಮೇಲೆ ಹಾಕಿದಾಗ ದೃಷ್ಟಿ ಮರಳಿತು. ಮುಂದಿನ ಸಲ ಮೈಸೂರಿಗೆ ಹೋದಾಗ ನಾಚಿಕೆ ಬಿಟ್ಟು ಡಾಕ್ಟರಮ್ಮನನ್ನು ಕೇಳಿಯೇ ಬಿಟ್ಟೆ, ಎಡಗಣ್ಣಿಗೆ ಹೊಸ ಆಪರೇಷನ್ ಏನಾದರೂ ಬಂದಿದೆಯೇ ಎಂದು. ಇಲ್ಲ ಅಂದರು. ಸುಳ್ಳು ಆಸೆ ಕೊಡಲಿಲ್ಲ. ನನಗೆ ಅಂಗಿ ಬರುವುದಿಲ್ಲ ಎಂದು ಅವತ್ತು ತಿಳಿಯಿತು. ದಾರಿಯಲ್ಲಿ ಹುಣಸೂರಿನಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿದೆವು. ನಮ್ಮವರು ನನ್ನ ಲೋಟಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿಸಿದರು.

ಹೆಚ್ಚು ಕಲಿತದ್ದು ಕಾಯಿಲೆ ಬಿದ್ದ ಪ್ರವಾದಿ ಅಯ್ಯೂಬರಿಂದ. ಅವರ ಪ್ರಾರ್ಥನೆಯನ್ನು ನಾನು ಕಾಯಿಲೆಯವರ ತಲೆಯ ಮೇಲೆ ಕೈಯಿಟ್ಟು ಎಷ್ಟು ಸಲ ಓದಿದ್ದೇನೋ. ತಾಳ್ಮೆ ಅಂದರೆ ಅಯ್ಯೂಬ್ ಎಂದು ಎಲ್ಲರೂ ಹೇಳುವುದೇ. ಅರ್ಥ ಕೇಳಿದರೆ ಅದರಲ್ಲಿರುವುದು ಇಷ್ಟೇ: ನನಗೆ ಕಷ್ಟ ಬಂದಿದೆ, ನೀನು ಕರುಣೆಯಲ್ಲಿ ಎಲ್ಲರನ್ನೂ ಮೀರಿದವನು. ಅಂದರೆ ಅವರು ಹೇಳಿದರು! ನೋವಾಗುತ್ತಿದೆ ಎಂದು ಬಾಯಿಬಿಟ್ಟು ಹೇಳಿದರು. ನಾನು ತಾಳ್ಮೆ ಅಂದರೆ ಬಾಯಿ ಮುಚ್ಚಿಕೊಂಡಿರುವುದು ಅಂದುಕೊಂಡಿದ್ದೆ. ಗಂಡನಿಗೆ ಹೇಳಲಿಲ್ಲ, ಮಗಳಿಗೆ ಹೇಳಲಿಲ್ಲ. ನಿಜ ಹೇಳಬೇಕೆಂದರೆ ಅಲ್ಲಾಹನಿಗೂ ಹೇಳಲಿಲ್ಲ. ಲೆಕ್ಕಕ್ಕೆ ಹಿಡಿದುಕೋ ಎಂಬಂತೆ ಅವನ ಮುಂದೆ ನೋವನ್ನು ಇಟ್ಟೆ, ಅಷ್ಟೆ.

ಬಲಗಣ್ಣು ಸದ್ಯಕ್ಕೆ ಉಳಿದಿದೆ. ಕಿಟಕಿಯ ಸಂದಿಯಿಂದ ನೋಡಿದ ಹಾಗೆ ಕಾಣುತ್ತದೆ. ಬಾಗಿಲ ಚೌಕಟ್ಟಿಗೆ ಭುಜ ತಾಗುತ್ತದೆ, ಮೆಟ್ಟಿಲಿನಲ್ಲಿ ಎಡವುತ್ತೇನೆ. ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡರೆ ಓದಬಹುದು, ಸ್ವಲ್ಪ ಹೊತ್ತು. ಈ ಬರಹವನ್ನು ನಾನು ಹೇಳಿದೆ, ಮಗಳು ಬರೆದಳು. ಜಗಲಿಗೆ ಮಕ್ಕಳು ಮತ್ತೆ ಬರುತ್ತಿದ್ದಾರೆ. ಒಬ್ಬಳು ಓದುತ್ತಾಳೆ, ಇನ್ನೊಬ್ಬಳು ಕನ್ನಡದಲ್ಲಿ ಅರ್ಥ ಹೇಳುತ್ತಾಳೆ. ಉಚ್ಚಾರಣೆ ತಪ್ಪಿದರೆ ಈಗಲೂ ಬೈಯುತ್ತೇನೆ. ಸ್ವಭಾವ ಕಣ್ಣಿನ ಜೊತೆ ಹೋಗಲಿಲ್ಲ.

ಈ ವರ್ಷ ರಂಜಾನ್ ಹತ್ತಿರ ಬಂದಾಗ, ಎಲ್ಲರ ಎದುರಿಗೇ ಫೋನ್ ಮಾಡಿ ಡಾಕ್ಟರಮ್ಮನನ್ನು ಕೇಳಿದೆ. ನೋಂಬು ಬೇಡ ಅಂದರೆ ಬಿಡಲು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

"ಪ್ರೆಶರ್ ಕಂಟ್ರೋಲ್‌ನಲ್ಲಿದೆ, ಮಾಡಿ ಅಮ್ಮ," ಅಂದರು. "ಡ್ರಾಪ್ಸ್ ಮಾತ್ರ ಬಿಡಬೇಡಿ. ಏನಾದ್ರೂ ನೋವು ಬಂದ್ರೆ ಅವತ್ತೇ ಬನ್ನಿ."

ಎರಡೂ ಆಗುತ್ತಿತ್ತು. ಆ ವರ್ಷವೂ ನೋಂಬು, ಮದ್ದು ಎರಡೂ ಆಗುತ್ತಿತ್ತು.

ಮೊದಲ ನೋಂಬಿನ ಮಧ್ಯಾಹ್ನ ನಮ್ಮವರು ಕೆಲಸ ಬಿಟ್ಟು ಮನೆಗೆ ಬಂದರು. ಡ್ರಾಪ್ಸ್ ಹೊತ್ತಿಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಈಗ ಅವರ ಕೆಲಸ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ತಲೆ ಹಿಂದಕ್ಕೆ ವಾಲಿಸಿ, ಬಿಸ್ಮಿ ಹೇಳಿ ಬಲಗಣ್ಣಿಗೆ ಒಂದು ಹನಿ ಬಿಟ್ಟರು. ಅವರಿಗೂ ನೋಂಬು. ಆಮೇಲೆ ಯಾವುದೋ ಯೋಚನೆಯಲ್ಲಿ ಎಡಗಣ್ಣಿನ ರೆಪ್ಪೆಯನ್ನೂ ಹೆಬ್ಬೆರಳಿನಿಂದ ಮೆಲ್ಲಗೆ ಎತ್ತಿದರು.

"ಅದಕ್ಕೆ ಬೇಡ," ಅಂದೆ.

ಅವರ ಕೈ ಅಲ್ಲೇ ನಿಂತಿತು. ಬಾಟಲಿಗೆ ಮುಚ್ಚಳ ಹಾಕಿದರು. ನಾನು ಬಲಗಣ್ಣು ತೆರೆದು ಅವರ ಮುಖ ಪೂರ್ತಿ ಕಾಣುವ ತನಕ ಕತ್ತು ಹೊರಳಿಸಿದೆ. ಕಂಡಿತು. ಅಲ್‌ಹಮ್ದುಲಿಲ್ಲಾಹ್ ಅಂದೆ. ಸ್ತುತಿಯೆಲ್ಲ ಅಲ್ಲಾಹನಿಗೆ. ಅದರ ಅರ್ಥ ನನಗೆ ಗೊತ್ತಿತ್ತು.