ಬಿಳಿ ಮುಂಡಿನ ಮೇಲೆ ಕಿತ್ತಳೆ

ಕ್ರೆಯಾನಿನ ಮೇಣದ ವಾಸನೆಯೇ ರಂಗಿಗೆ ಸೇರುತ್ತಿರಲಿಲ್ಲ. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ನೀಲಗಿರಿಯ ಮಂಜೂರಿನ ಮಹಿಳಾ ಸಂಘದ ಸಭಾಂಗಣದಲ್ಲಿ ಚಾಪೆಯ ಮೇಲೆ ಕೂತು ನವಿಲಿಗೆ ಬಣ್ಣ ತುಂಬುವುದೆಂದರೆ! "ನಾ ಏನ ಕೂಸಾ?" ಎಂದು ಸೊಸೆ ಸರಣ್ಯಾಳ ಮೇಲೆ ಹರಿಹಾಯ್ದಿದ್ದಳು. "ಒಂದು ಸಲ ಬಾ ಮಾಮಿ," ಎಂದು ಸೊಸೆಯೂ ಪಟ್ಟು ಬಿಟ್ಟಿರಲಿಲ್ಲ.

ಸೊಸೆಯದೂ ತಪ್ಪಲ್ಲ. ಮಳೆಗಾಲಕ್ಕೆ ಮುಂಚೆ ಎಲೆ ಕೀಳುವಾಗ ಟೀ ಗಿಡಗಳ ನಡುವಿನಿಂದ ಕಾಟಿಯೊಂದು, ಆಳೆತ್ತರದ ಕಾಡುಕೋಣ, ಎದ್ದು ಮೈಮೇಲೆ ಬಂದಿತ್ತು. ಕೊಂಬು ತಾಗಲಿಲ್ಲ. ಆದರೆ ಅಂದಿನಿಂದ ತೋಟದ ಬೇಲಿ ಕಂಡರೆ ಸಾಕು, ರಂಗಿಯ ಎದೆ ಡವಗುಟ್ಟಿ ಕೈ ನಡುಗುತ್ತಿತ್ತು. ತಾನೇ ನೆಟ್ಟ ತೋಟಕ್ಕೆ ಕಾಲಿಡಲಾಗದೆ, ಕೂಲಿಯವರು ಬಲಿತ ಎಲೆಯನ್ನೂ ತರಿದು ಹಾಕುವುದನ್ನು ಅಂಗಳದಿಂದ ನೋಡಿ ಹಲ್ಲು ಕಡಿಯುತ್ತಿದ್ದಳು. ಬಣ್ಣ ತುಂಬಿದರೆ ಕಳವಳ ತಗ್ಗುತ್ತದೆಂದು ಹೇಳಿಕೊಡಲು ಊಟಿಯಿಂದ ಅಭಿನಯಾ ಎಂಬ ಹುಡುಗಿ ಬರುತ್ತಿದ್ದಳು.

ನಾಚಿಕೆಗೇಡೆಂದರೆ, ತಗ್ಗುತ್ತಲೂ ಇತ್ತು. ಅವತ್ತಿನ ಚಿತ್ರದಲ್ಲಿ ಟೀ ತೋಟ, ಎಲೆ ಕೀಳುವ ಹೆಂಗಸು. ಗಿಡಕ್ಕೆ ಹಸಿರು, ಚಿಗುರಿಗೆ ತುಸು ಹಳದಿ ತೀಡುತ್ತ ಹೋದಂತೆ ರಂಗಿಯ ಉಸಿರು ತಾನಾಗಿ ನಿಧಾನವಾಯಿತು. ಹೆಂಗಸಿನ ಬಟ್ಟೆಯನ್ನು ಮಾತ್ರ ಮುಟ್ಟಲಿಲ್ಲ. ಹಟ್ಟಿಯ ಹಿರಿಯ ಹೆಂಗಸರು ಮೈಗೆ ಸುತ್ತಿ ಉಡುವುದೇ ಬಿಳಿ ಮುಂಡು, ಅದಕ್ಕೆ ಬಣ್ಣ ಯಾಕೆ?

"ಖಾಲಿ ಬಿಟ್ಟುಬಿಟ್ಟಿರಲ್ಲಮ್ಮಾ. ಖಾಲಿ ಜಾಗ ಅಂದರೆ ಒಳಗಿನ ಭಯ," ಎಂದು ಅಭಿನಯಾ ಬಗ್ಗಿ, ಕಿತ್ತಳೆ ಕ್ರೆಯಾನಿನಿಂದ ಮುಂಡಿನ ಮೇಲೆ ಪರಪರ ಗೀಚಿ, ಈಗ ಚಂದವಾಯಿತೆಂದು ನಕ್ಕಳು.

"ಅದು ಎನ್ನ ಅವ್ವೆ ಉಟ್ಟ ಮುಂಡು!" ರಂಗಿಯ ದನಿಗೆ ಅಲ್ಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಅವರೆಲ್ಲರ ಅವ್ವೆಯರೂ ಅದನ್ನೇ ಉಟ್ಟವರು. ರಂಗಿಗೆ ಹೇಸಿಗೆ ಉಕ್ಕಿ ಬಂತು. ಹಾಳೆ ಮಡಚಿ, ಒಂದು ಕಪ್ಪು ಕ್ರೆಯಾನು ಎತ್ತಿಕೊಂಡು ಬಸ್ಸು ಹತ್ತಿದಳು.

ಮನೆಯಲ್ಲಿ ಹಾಳೆಯನ್ನು ಮಗುಚಿ ಹಾಕಿ ಕಾಟಿಯನ್ನೇ ಬರೆದಳು. ಕೊಂಬು ಸೊಟ್ಟ, ಮೈ ಹಂಡೆ. ಮಂಡಿಯಿಂದ ಕೆಳಗೆ ಬಣ್ಣ ಹಾಕಲಿಲ್ಲ.

"ಕಾಲು ಬಿಟ್ಟೆಯಲ್ಲ ಮಾಮಿ?" ಎಂದಳು ಸರಣ್ಯಾ.

"ಅದರ ಕಾಲೇ ಬೆಳ್ಳೆ. ಎದುರ ನಿಂದು ನೋಡಿದೋಳು ನಾ."

ಬೆಳಿಗ್ಗೆ ಯಾರಿಗೂ ಹೇಳದೆ ರಂಗಿ ಚೀಲ ಹೆಗಲಿಗೇರಿಸಿ ಬೇಲಿ ದಾಟಿದಳು. ದಾಟಿದ್ದೇ ತಡ, ಕಾಲು ಪಚಕ್ಕೆಂದಿತು: ರಾತ್ರಿ ಬಂದುಹೋದ ಕಾಟಿಯ ಸಗಣಿ. ಎದೆ ಡವಗುಟ್ಟಲಿ ಎಂದು ಕಾದು ನಿಂತಳು. ಬಂದದ್ದು ಬರೀ ಅಸಹ್ಯ. "ಥೂ," ಎಂದು ಉಗಿದು, ಹುಲ್ಲಿಗೆ ಕಾಲೊರಸಿ ಗಿಡಕ್ಕೆ ಕೈಹಾಕಿದಳು. ಕೈ ನಡುಗಿತು, ನಡುಗುತ್ತಲೇ ಚಿಗುರು ಮುರಿಯಿತು.