ಗಾಳಿ ನೋಡುತ್ತಿದ್ದ ದೇಶಪಾಂಡೆ ಸರ್

ಬೆಳಿಗ್ಗೆ ಹನ್ನೊಂದು ಇಪ್ಪತ್ತು. ಸೂರತ್ತಿನ ಕೈಗಾರಿಕಾ ಪ್ರದೇಶವಾದ ಸಚಿನ್‌ನಲ್ಲಿ, ಬಣ್ಣ ತಯಾರಿಸುವ ಕಾರ್ಖಾನೆಯೊಂದರ ಅಂಗಳದಲ್ಲಿ ಏನೋ ಸಿಡಿದ ಸದ್ದಾಯಿತು. ಹಳದಿ ಹೊಗೆ ನೆಲಕ್ಕೆ ಅಂಟಿಕೊಂಡೇ ನಮ್ಮತ್ತ ಹರಿಯಿತು. ಕಾರ್ಖಾನೆ ತೋರಿಸಲು ನಾವು ಕರೆತಂದಿದ್ದ ವಿದ್ಯಾರ್ಥಿಗಳು ಬಸ್ಸು ನಿಂತಿದ್ದ ಗೇಟಿನ ಕಡೆ ಓಡಿದರು. ದೇಶಪಾಂಡೆ ಸರ್ ಮಾತ್ರ ಕರವಸ್ತ್ರವನ್ನು ಬೆರಳ ತುದಿಯಲ್ಲಿ ಇಳಿಬಿಟ್ಟು ನಿಂತಿದ್ದರು.

ಆ ಕರವಸ್ತ್ರಕ್ಕೆ ನಾವೆಲ್ಲ ನಕ್ಕವರೇ. ಎಲ್ಲಿ ಹೋದರೂ ಅವರು ಮೊದಲು ಅದನ್ನು ಇಳಿಬಿಟ್ಟು ಗಾಳಿ ಎತ್ತ ಬೀಸುತ್ತದೆಂದು ನೋಡುವರು. ವಡೋದರಾದ ಮಂಜಲ್‌ಪುರದಲ್ಲಿ ನನ್ನ ಮದುವೆಯ ಪೆಂಡಾಲಿನಲ್ಲೂ ಅದನ್ನು ಹೊರತೆಗೆದಿದ್ದರು.

"ಸರ್, ಇಲ್ಲಿ ಹೋಳಿಗೆ ವಾಸನೆ ಬಿಟ್ಟರೆ ಬೇರೆ ಗ್ಯಾಸ್ ಇಲ್ಲ" ಎಂದೆ.

"ಅದಕ್ಕ ನೋಡ್ಲಿಕ್ಕತ್ತೀನಿ ತಂಗಿ. ವಾಸನಿ ಎತ್ತಾಗಿಂದ ಬರ್ತದೋ ಅತ್ತಾಗ ಕೂಡಬೇಕಲ್ಲ!"

ಧಾರವಾಡದವರು. ಗುಜರಾತಿನಲ್ಲೇ ತಲೆ ನರೆತರೂ ಅವರ ಕನ್ನಡ ಕದಲಿರಲಿಲ್ಲ. ನಾನು ಅವರ ವಿದ್ಯಾರ್ಥಿನಿ. ಆಮೇಲೆ ಅವರದೇ ವಿಭಾಗದಲ್ಲಿ ಅಧ್ಯಾಪಕಿ. ನಮ್ಮ ತಾಂತ್ರಿಕ ವಿಶ್ವವಿದ್ಯಾಲಯ ಹುಟ್ಟಿದ್ದು ವಡೋದರಾದ ಒಂದು ತಗಡಿನ ಶೆಡ್ಡಿನಲ್ಲಿ, ಬಟ್ಟೆ ಗಿರಣಿಗಳಿಗೆ ಬಣ್ಣದ ಕೆಲಸ ಕಲಿಸುವ ಶಾಲೆಯಾಗಿ. ಆಗ ಮೇಷ್ಟ್ರೂ ಹುಡುಗರೂ ಅರ್ಧ ದಿನ ಗಿರಣಿಯಲ್ಲೇ ಇರುತ್ತಿದ್ದರಂತೆ. ಈಗ ಅದು ಅಹಮದಾಬಾದಿನಿಂದ ಸೂರತ್ತಿನವರೆಗಿನ ಕಾಲೇಜುಗಳಿಗೆ ಪರೀಕ್ಷೆ ನಡೆಸುತ್ತದೆ.

"ಪರೀಕ್ಷಾ ಭಾಳ ಛಲೋ ಮಾಡ್ತೇವಿ" ಎಂದು ಸರ್ ಕುಟುಕುತ್ತಿದ್ದರು. "ನಾಳೆ ಕಾರ್ಖಾನಿ ನಡಸೋವ್ರು ಇವರು. ಒಳಗ ಹೆಂಗಿರ್ತದ ನೋಡೋದು ಬ್ಯಾಡೇನು?" ಅದಕ್ಕೇ ಪ್ರತಿ ತಂಡದ ಜೊತೆ ತಾವೇ ಹೊರಡುತ್ತಿದ್ದರು.

ಅಂದು ಗಾಳಿ ಗೇಟಿನ ಕಡೆಗೇ ಬೀಸುತ್ತಿತ್ತು.

"ಗೇಟ್ ಕೀ ತರಫ್ ಮತ್ ಜಾವೋ!" ಗೇಟಿನ ಕಡೆ ಹೋಗಬೇಡಿ ಎಂದು ಹುಡುಗರಿಗೆ ಹಿಂದಿಯಲ್ಲಿ ಕೂಗಿ, ನನ್ನತ್ತ ತಿರುಗಿದರು. "ತಂಗಿ, ಗಾಳಿಗೆ ಅಡ್ಡ ಕರಕೊಂಡು ಹೋಗು! ಬಲಕ್ಕ!"

ಹತ್ತಿರವಿದ್ದವರನ್ನು ಎಳೆದುಕೊಂಡು ನಾನು ಗೋದಾಮಿನ ಆಚೆಯ ಬಯಲಿಗೆ ಓಡಿದೆ. ಗೇಟು ಮುಟ್ಟುವುದರಲ್ಲಿದ್ದವರನ್ನು ತಿರುಗಿಸಲು ಸರ್ ಹೊಗೆಯೊಳಗೇ ನುಗ್ಗಿದರು. ಹುಡುಗರೆಲ್ಲ ಕೆಮ್ಮುತ್ತ ಬಂದರು. ಅವರ ಹಿಂದೆ ಬಂದ ಸರ್ ಗೋಡೆ ಹಿಡಿದು ಕುಸಿದರು.

ಆಮೇಲೆ ರಾತ್ರಿ ಕಣ್ಣು ಮುಚ್ಚಿದರೆ ಅದೇ ಹಳದಿ ಹೊಗೆಯ ಕನಸು. ನಾನು ಅವರ ತೋಳು ಹಿಡಿಯುತ್ತೇನೆ, ಅವರು ಕೊಡವಿಕೊಂಡು ಓಡುತ್ತಾರೆ. ಬೆವರಿ ಎದ್ದು ಕೂರುತ್ತಿದ್ದೆ.

ಆಸ್ಪತ್ರೆಯಲ್ಲಿ ಅವರಿಗೆ ಹೇಳಿದೆ: "ಇನ್ನು ಕಾರ್ಖಾನೆ ಭೇಟಿ ಬೇಡ, ವಿಡಿಯೋ ಸಾಕು ಅಂತ ವಿಭಾಗದವರು ಹೇಳ್ತಿದ್ದಾರೆ ಸರ್."

ಆಕ್ಸಿಜನ್ ಮಾಸ್ಕ್ ಸರಿಸಿದರು. "ವಿಡಿಯೋದಾಗ ಗಾಳಿ ಬರ್ತದೇನು?" ನಗಲು ಹೋಗಿ ಕೆಮ್ಮಿದರು. "ನೀ ಕರಕೊಂಡು ಹೋಗ್ತೀ?"

ನಾನು ಮಾಸ್ಕನ್ನು ಮತ್ತೆ ಅವರ ಮುಖಕ್ಕೆ ಸರಿಯಾಗಿ ಕೂರಿಸಿದೆ. ಆ ವಾರವೇ ಸರ್ ಹೋಗಿಬಿಟ್ಟರು.

ವಿಭಾಗದಲ್ಲಿ ಜಗಳವಾಡಿ, ಮಳೆಗಾಲ ಕಳೆದ ಮೇಲೆ ಹೊಸ ತಂಡವನ್ನು ಕಾರ್ಖಾನೆಯೊಂದಕ್ಕೆ ಕರೆದೊಯ್ದೆ. ಎಲ್ಲರಿಗಿಂತ ಮೊದಲು ನಾನೇ ಒಳಗೆ ಹೋದೆ. ಸಂಜೆ ಎಲ್ಲರೂ ಹಸಿದು, ಗಲಾಟೆ ಮಾಡುತ್ತ ಬಸ್ಸು ಹತ್ತಿದರು. ಅಂದು ಶುಕ್ರವಾರ. ಮನೆಗೆ ಬಂದು ಮಲಗಿದವಳಿಗೆ ಹಳದಿ ಹೊಗೆಯ ಕನಸು ಬೀಳಲಿಲ್ಲ; ಶನಿವಾರದ ಬಿಸಿಲು ಮುಖಕ್ಕೆ ಬಿದ್ದಾಗಲೇ ಎಚ್ಚರವಾಯಿತು.